ಹಾಡುಗಳ ಸುವರ್ಣಯುಗ ಯಾವುದು? 70ರ ದಶಕದ ವಾದ ಯಾಕೆ ಗಟ್ಟಿ?

ವಿಶಾಖಪಟ್ಟಣದ ಋಷಿಕೊಂಡ ಬೀಚ್‌ಗೆ ಹೋಗುವ ಕನ್ನಡಿಗರು ಕಡಲು, ಗುಡ್ಡ ನೋಡಿಕೊಂಡು ವಾಪಸಾಗುತ್ತಾರೆ. ಅಲ್ಲಿಂದ ಸುಮಾರು 50 ಕಿ.ಮೀ. ದೂರದ ವಿಜಯನಗರಂ (ನಮ್ಮ ಹಂಪಿಯ ವಿಜಯನಗರವಲ್ಲ) ಕನ್ನಡ ಚಿತ್ರಗೀತೆಗಳಿಗೂ ನಂಟಿರುವ ಊರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗಾಯಕಿ ಪಿ. ಸುಶೀಲಾ 1935ರಲ್ಲಿ ಹುಟ್ಟಿದ್ದು ಅಲ್ಲೇ. ಘಂಟಸಾಲ ಕಲಿತ ಸಂಗೀತ ಕಾಲೇಜು ಇರುವುದೂ ಅಲ್ಲೇ.

ಯಾವ ದಶಕದ ಹಾಡು ಚೆನ್ನ ಎಂಬ ಜಗಳ ತೆಲುಗರಲ್ಲೂ ಇದೆ, ನಮ್ಮಲ್ಲೂ ಇದೆ. ಅವರಲ್ಲಿ ಒಬ್ಬರು 1957ರ 'ಮಾಯಾಬಜಾರ್' ಎಂದರೆ ಇನ್ನೊಬ್ಬರು 80ರ ದಶಕದ ಇಳಯರಾಜ ಎನ್ನುತ್ತಾರೆ. ಇಲ್ಲಿ ಪಿ.ಬಿ. ಶ್ರೀನಿವಾಸ್ ಕಾಲ, ರಾಜನ್-ನಾಗೇಂದ್ರ ಕಾಲ, ಹಂಸಲೇಖ ಕಾಲ ಎಂದು ಮನೆಯೊಳಗೇ ಪಕ್ಷಗಳಿವೆ.

ಈ ಜಗಳದಲ್ಲಿ ವಯಸ್ಸಿನ ಪಾತ್ರ ದೊಡ್ಡದು. ಅಮೆರಿಕದ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಹೆಚ್ಚು ಮೆಚ್ಚುವುದು ತಮಗೆ ಸುಮಾರು 24 ವರ್ಷವಿದ್ದಾಗ ಬಂದ ಹಾಡುಗಳನ್ನು. ಅಪ್ಪನ ದಶಕ ಮಗನಿಗೆ ಹಿಡಿಸದಿರುವುದಕ್ಕೆ ಇದೂ ಒಂದು ಕಾರಣ. ಜೊತೆಗೆ, ಹಳೆಯ ಕಾಲದ ಕಳಪೆ ಹಾಡುಗಳನ್ನು ರೇಡಿಯೋ ಕೈಬಿಟ್ಟು ದಶಕಗಳೇ ಆದವು. ಇಂದಿನ ಕಳಪೆ ಹಾಡು ಮಾತ್ರ ಪಕ್ಕದ ಆಟೋದಲ್ಲೇ ಕೇಳಿಸುತ್ತಿರುತ್ತದೆ. ಹೋಲಿಕೆಯೇ ನ್ಯಾಯದ್ದಲ್ಲ.

ಇದನ್ನೆಲ್ಲ ಕಳೆದ ಮೇಲೂ ಕನ್ನಡದ ಮಟ್ಟಿಗೆ 70ರ ದಶಕದ ವಾದ ನಿಲ್ಲುತ್ತದೆ. ಎರಡು ತಲೆಮಾರುಗಳು ಆಗ ಒಟ್ಟಿಗೆ ಹಾಡುತ್ತಿದ್ದವು. ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' (1972) ಚಿತ್ರವನ್ನೇ ನೋಡಿ. ವಿಜಯಭಾಸ್ಕರ್ ಸಂಗೀತದ ಆ ಒಂದೇ ಚಿತ್ರದಲ್ಲಿ ಕಾಕಿನಾಡದ ಪಿ.ಬಿ. ಶ್ರೀನಿವಾಸ್, ನೆಲ್ಲೂರಿನ ಎಸ್.ಪಿ. ಬಾಲಸುಬ್ರಹ್ಮಣ್ಯಂ, ವಿಜಯನಗರಂನ ಸುಶೀಲಾ ಹಾಡಿದ್ದಾರೆ. ಮೂವರೂ ಆಂಧ್ರ ಕರಾವಳಿಯ ಕಡೆಯವರು. ಒನಕೆ ಓಬವ್ವನ ಹಾಡಿಗೆ ದನಿಯಾದ ಶ್ರೀನಿವಾಸ್ ಅವರ ಮನೆಮಾತು ಕನ್ನಡವಲ್ಲ ಎಂದರೆ ಇಂದಿಗೂ ನಂಬದವರಿದ್ದಾರೆ!

1974 ಇನ್ನೂ ಸ್ವಾರಸ್ಯದ ವರ್ಷ. 'ಎರಡು ಕನಸು' ಚಿತ್ರದಲ್ಲಿ ಡಾ. ರಾಜ್‌ಕುಮಾರ್‌ಗೆ ಶ್ರೀನಿವಾಸ್ ದನಿ. ಅದೇ ವರ್ಷದ 'ಸಂಪತ್ತಿಗೆ ಸವಾಲ್‌'ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಅಣ್ಣಾವ್ರು ತಾವೇ ಹಾಡಿದರು, ಹಾಡು ಮನೆಮಾತಾಯಿತು. ಆಮೇಲೆ ರಾಜ್ ಚಿತ್ರಗಳಲ್ಲಿ ಶ್ರೀನಿವಾಸ್ ದನಿ ಕ್ರಮೇಣ ಹಿಂದೆ ಸರಿಯಿತು. ಕೇಳುಗರಿಗೆ ಹೊಸ ಗಾಯಕ ಸಿಕ್ಕಿದ್ದು ನಿಜ, ಹಳೆಯ ಗಾಯಕ ಕಡಿಮೆಯಾಗಿದ್ದೂ ಅಷ್ಟೇ ನಿಜ. ಇತ್ತ 'ಬಯಲು ದಾರಿ' (1976), 'ನಾ ನಿನ್ನ ಬಿಡಲಾರೆ' (1979) ಚಿತ್ರಗಳಲ್ಲಿ ರಾಜನ್-ನಾಗೇಂದ್ರ ಅವರು ಎಸ್‌ಪಿಬಿ ದನಿಯನ್ನು ಕನ್ನಡಕ್ಕೆ ಗಟ್ಟಿಯಾಗಿ ಒಗ್ಗಿಸಿದರು.

ರೆಕಾರ್ಡಿಂಗ್ ರೀತಿಯೂ ಬೇರೆಯಿತ್ತು. ಗಾಯಕರು, ವಾದ್ಯದವರು ಒಟ್ಟಿಗೆ ನುಡಿಸಿ ಹಾಡಬೇಕಿತ್ತು, ಒಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ. ಹಾಗಾಗಿ ತಾಲೀಮು ಜೋರಾಗಿತ್ತು. ಟ್ರ್ಯಾಕ್ ಪದ್ಧತಿ ಬಂದ ಮೇಲೆ ಯುಗಳಗೀತೆಯ ಇಬ್ಬರು ಗಾಯಕರು ಮುಖ ನೋಡದೆಯೂ ಹಾಡು ಮುಗಿಸುವಂತಾಯಿತು.

ಇಷ್ಟಕ್ಕೆ ಹಂಸಲೇಖ ಅಭಿಮಾನಿಗಳು ಒಪ್ಪುವುದಿಲ್ಲ. 1987ರ 'ಪ್ರೇಮಲೋಕ' ಕ್ಯಾಸೆಟ್ ಅಂಗಡಿಗಳನ್ನು ಗೆದ್ದ ಬಗೆಯನ್ನು ಅವರು ನೆನಪಿಸುತ್ತಾರೆ. 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರಕ್ಕಾಗಿ ಹಂಸಲೇಖ, ಎಸ್‌ಪಿಬಿ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಮುಂದಿಡುತ್ತಾರೆ. ಅದೂ ಸಣ್ಣ ವಾದವಲ್ಲ. ಇನ್ನು 2006ರಲ್ಲಿ 'ಮುಂಗಾರು ಮಳೆ' ಬಂದಾಗ ಇಪ್ಪತ್ತನಾಲ್ಕರ ಹರೆಯದಲ್ಲಿದ್ದವರಿಗೆ ಈಗ ನಲವತ್ತು ದಾಟಿದೆ. ಅವರ ಮಕ್ಕಳಿಗೆ ಸೋನು ನಿಗಮ್ ಹಾಡಿದ್ದೇ ಹಳೆಯ ಹಾಡು.