ಚುಕ್ಕಿ ಸೊಪ್ಪು

ಚುಕ್ಕಿ ಸೊಪ್ಪು (ಸುಕ್ಕೆ ಸೊಪ್ಪು) ಪಾಲಿಗೋನೇಸಿ ಕುಟುಂಬದ ರುಮೆಕ್ಸ್ ಕುಲಕ್ಕೆ ಸೇರಿದ, ಹುಳಿ ರುಚಿಯ ಎಲೆತರಕಾರಿ. ಇದರ ವೈಜ್ಞಾನಿಕ ಹೆಸರು ರುಮೆಕ್ಸ್ ವೆಸಿಕೇರಿಯಸ್. ಲಿನೇಯಸ್ 1753ರಲ್ಲಿ ಈ ಹೆಸರನ್ನು ನೀಡಿದನು. ತೆಲುಗಿನಲ್ಲಿ ಇದನ್ನು ಚುಕ್ಕಕೂರ ಎನ್ನುತ್ತಾರೆ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯನ್ನೊಳಗೊಂಡ, ಕನ್ನಡದೊಡನೆ ತೆಲುಗೂ ಬಳಕೆಯಲ್ಲಿರುವ ಪ್ರದೇಶದಲ್ಲಿ ಎರಡೂ ಹೆಸರುಗಳು ಪರಿಚಿತವಾಗಿವೆ.

ಸಾರೆಲ್ ಮತ್ತು ಡಾಕ್

ರುಮೆಕ್ಸ್ ಕುಲದಲ್ಲಿ ಸುಮಾರು 200 ಪ್ರಭೇದಗಳಿವೆ. ಇವುಗಳಲ್ಲಿ ಎಲೆ ಹುಳಿಯಾಗಿರುವವನ್ನು ಇಂಗ್ಲಿಷಿನಲ್ಲಿ ಸಾರೆಲ್ ಎಂದೂ, ಅಗಲ ಎಲೆಯ, ಸಾಮಾನ್ಯವಾಗಿ ಕಹಿಯಾದ ಒರಟು ಗಿಡಗಳನ್ನು ಡಾಕ್ ಎಂದೂ ಕರೆಯುವುದು ವಾಡಿಕೆ. ಯೂರೋಪಿನ ಸಾಮಾನ್ಯ ಸಾರೆಲ್ (ರುಮೆಕ್ಸ್ ಅಸಿಟೋಸ) ಎಲೆಯ ಬುಡದಲ್ಲಿ ಬಾಣದ ಮೊನೆಯಂತೆ ಹಿಂದಕ್ಕೆ ಚಾಚಿದ ಎರಡು ಹಾಲೆಗಳಿರುತ್ತವೆ. ಗಂಡು ಹೂ ಮತ್ತು ಹೆಣ್ಣು ಹೂಗಳು ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ. ಅಗಲ ಎಲೆಯ ಡಾಕ್‌ನಲ್ಲಿ (ರುಮೆಕ್ಸ್ ಆಬ್ಟುಸಿಫೋಲಿಯಸ್) ಎಲೆಯ ಬುಡ ದುಂಡಾಗಿರುತ್ತದೆ. ತಾಯಿಬೇರು ಆಳಕ್ಕಿಳಿಯುವುದರಿಂದ ಕೀಳುವುದು ಕಷ್ಟ.

ಚುಕ್ಕಿ ಸೊಪ್ಪು ಈ ವಿಭಜನೆಗೆ ಸುಲಭವಾಗಿ ಒಗ್ಗುವುದಿಲ್ಲ. ರುಚಿಯಲ್ಲಿ ಇದು ಸಾರೆಲ್. ಆದರೆ ಇಂಗ್ಲಿಷಿನಲ್ಲಿ ಇದಕ್ಕೆ ಬ್ಲಾಡರ್ ಡಾಕ್ ಎಂಬ ಹೆಸರಿದೆ. ಕಾಯಿಯನ್ನು ಸುತ್ತಿ ಉಬ್ಬಿದ, ಗುಲಾಬಿ ಬಣ್ಣದ ತೆಳು ಪೊರೆಗಳೇ ಆ ಹೆಸರಿಗೆ ಕಾರಣ. ಆಸ್ಟ್ರೇಲಿಯಾದ ಒಣಪ್ರದೇಶಗಳಲ್ಲಿ ಇದನ್ನು ಕಳೆಯೆಂದು ಪರಿಗಣಿಸುತ್ತಾರೆ. ಆದುದರಿಂದ ಸಾರೆಲ್, ಡಾಕ್ ಎಂಬುವು ಸಸ್ಯಶಾಸ್ತ್ರದ ವಿಭಾಗಗಳಲ್ಲ, ಬಳಕೆಯ ಹೆಸರುಗಳು ಮಾತ್ರ. ಹೆಸರನ್ನಷ್ಟೇ ನಂಬಿ ಕಾಡುಗಿಡದ ಎಲೆಯನ್ನು ಅಡುಗೆಗೆ ಬಳಸುವುದು ಸೂಕ್ತವಲ್ಲ.

ಪುಂಡಿಯೊಡನೆ ಗೊಂದಲ

ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ತಿನ್ನುವ ಪುಂಡಿ ಪಲ್ಯದ ಸೊಪ್ಪೂ ಹುಳಿಯೇ. ಕೆಂಪು ಪುಂಡಿಯ ಜಾತಿಯನ್ನು ವೆಸ್ಟ್ ಇಂಡೀಸ್‌ನಲ್ಲಿ ಸಾರೆಲ್ ಎಂದೇ ಕರೆಯುವುದರಿಂದ ಗೊಂದಲ ಹೆಚ್ಚುತ್ತದೆ. ಪುಂಡಿ ದಾಸವಾಳದ ಕುಲಕ್ಕೆ ಸೇರಿದ್ದು. ಕಾಂಡದಲ್ಲಿ ನಾರಿರುತ್ತದೆ, ಎಲೆಗಳು ಹೆಚ್ಚಾಗಿ ಬೆರಳುಗಳಂತೆ ಸೀಳಿರುತ್ತವೆ. ಚುಕ್ಕಿ ಸೊಪ್ಪಿನ ಎಲೆ ಸೀಳಿಲ್ಲದ್ದು, ಮೆತ್ತಗೆ ರಸಭರಿತವಾದದ್ದು. ಕಾಂಡದ ಗೆಣ್ಣುಗಳನ್ನು ತೆಳುಪೊರೆಯೊಂದು ಸುತ್ತಿರುತ್ತದೆ.

ಬಳಕೆ ಮತ್ತು ಎಚ್ಚರಿಕೆ

ಚುಕ್ಕಿ ಸೊಪ್ಪನ್ನು ತೊಗರಿಬೇಳೆಯೊಡನೆ ಬೇಯಿಸುತ್ತಾರೆ. ಎಲೆ ಬೇಗನೆ ಕರಗುತ್ತದೆ, ಹುಣಸೆಹಣ್ಣಿನ ಅಗತ್ಯ ಕಡಿಮೆಯಾಗುತ್ತದೆ. ಹುಳಿಗೆ ಮುಖ್ಯ ಕಾರಣ ಆಕ್ಸಾಲಿಕ್ ಆಮ್ಲ ಮತ್ತು ಅದರ ಲವಣಗಳು. ಇವು ಕ್ಯಾಲ್ಸಿಯಂನೊಡನೆ ಸೇರಿ ಮೂತ್ರಪಿಂಡದಲ್ಲಿ ಹರಳಾಗಬಲ್ಲವು. ಆದಕಾರಣ ಇಂತಹ ಹರಳಿನ ತೊಂದರೆಯುಳ್ಳವರು ಈ ಸೊಪ್ಪಿನ ಸೇವನೆಯನ್ನು ಮಿತಗೊಳಿಸುವುದು ಒಳ್ಳೆಯದು. ಅಲ್ಯೂಮಿನಿಯಂ ಹಾಗೂ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಗಳಲ್ಲಿ ಇದನ್ನು ಬೇಯಿಸಬಾರದು.