ಹಳೆಯ ಜೀಪುಗಳಿಗೆ ದೊಡ್ಡ ಟೈರುಗಳ ಅಳವಡಿಕೆ

ನಾಲ್ಕು ಚಕ್ರಗಳ ಚಾಲನೆಯುಳ್ಳ ಹಳೆಯ ಜೀಪುಗಳಿಗೆ, ತಯಾರಕರು ಸೂಚಿಸಿದ್ದಕ್ಕಿಂತ ಹೆಚ್ಚು ವ್ಯಾಸದ ಟೈರುಗಳನ್ನು ಜೋಡಿಸುವ ಮಾರ್ಪಾಡು ಇದು. ಭಾರತದಲ್ಲಿ ಮಹೀಂದ್ರಾ ಸಂಸ್ಥೆಯು 1947ರಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಅವುಗಳ ರೂಢಿಯ ಟೈರಿನ ಅಳತೆ 6.00–16, ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚುಗಳಲ್ಲಿ.

ಟೈರಿನ ಹೊರವ್ಯಾಸ 28 ಇಂಚಿನಿಂದ 30 ಇಂಚಿಗೆ ಏರಿದರೆ ಆ್ಯಕ್ಸಲ್ ನೆಲದಿಂದ ಮೇಲೇಳುವುದು ಒಂದೇ ಇಂಚು. ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಕಲ್ಲುದಾರಿಗೆ ಅಷ್ಟೂ ಉಪಯುಕ್ತವೇ. ಹುನಗುಂದದ ಎರೆ ಭೂಮಿಯ ಮಾತು ಬೇರೆ. ನೆನೆದ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತ ದಪ್ಪವಾಗುತ್ತದೆ. ದೊಡ್ಡ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಉಳಿದ ಕಿರಿದಾದ ಸಂದು ಮಣ್ಣಿನಿಂದ ತುಂಬಿದರೆ ಚಕ್ರ ತಿರುಗುವುದೇ ಕಷ್ಟ. ಅಲ್ಲಿ ಗಾತ್ರಕ್ಕಿಂತ ಟೈರಿನ ಹೊರಮೈಯ ಉಬ್ಬುತಗ್ಗು ಆಳವಾಗಿರುವುದು ಮುಖ್ಯ. ಮಳೆ ನಿಂತು ಹೊಲ ಆರುವವರೆಗೆ ಕಾಯುವುದು ಅದಕ್ಕಿಂತಲೂ ಮೇಲು.

ಚಕ್ರ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಬಲ ಬೇಕು. ಹಳೆಯ ಡ್ರಮ್ ಬ್ರೇಕುಗಳಿರುವ ಜೀಪಿಗೆ, ಇಳಕಲ್ಲಿನ ಗ್ರಾನೈಟ್ ಗಣಿಗಳಂತಹ ಕಡೆಯ ಇಳಿಜಾರಿನಲ್ಲಿ, ಇದೇ ದೊಡ್ಡ ಅಪಾಯ. ಮೇಲಿನ ಉದಾಹರಣೆಯಲ್ಲಿ ವೇಗಮಾಪಕ 60 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 64 ಕಿ.ಮೀ. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು. ಹಿಂದಿನ ಎರಡನ್ನು ಮಾತ್ರ ಬದಲಿಸಿ ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆಯನ್ನು ಬಳಸಿದರೆ ಟ್ರಾನ್ಸ್‌ಫರ್ ಕೇಸಿನ ಗಿಯರುಗಳು ಹಾಳಾಗುತ್ತವೆ.

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ.