ಡೂಪ್ಲಿಕೇಟ್ ಮಾಲನ್ನು ಪೋರ್ಟ್‌ನಲ್ಲೇ ಯಾಕೆ ಹಿಡಿಯಲ್ಲ? ಅಂಗಡಿಯವರಿಗೆ ಗೊತ್ತಿರಬೇಕಾದ ಕಸ್ಟಮ್ಸ್ ನಿಯಮ

ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕೂತಿದ್ದಾಗ ಮಾಲೀಕರು ಒಂದು ಪ್ರಶ್ನೆ ಹಾಕಿದ್ರು. 'ಕಂಪನಿಯವರು ಪೊಲೀಸರನ್ನ ಕರ್ಕೊಂಡು ಬಂದು ನಮ್ಮಂಥ ಸಣ್ಣವರ ಮೇಲೆ ರೇಡ್ ಮಾಡ್ತಾರೆ. ಇದೇ ಚಾರ್ಜರ್, ಇಯರ್‌ಫೋನ್ ಕಂಟೇನರ್‌ಗಟ್ಟಲೆ ಬರುವಾಗ ಪೋರ್ಟ್‌ನಲ್ಲಿ ಯಾಕೆ ಹಿಡಿಯಲ್ಲ?'

ಹಿಡಿಯೋಕೆ ನಿಯಮ ಇದೆ. 1962ರ ಕಸ್ಟಮ್ಸ್ ಕಾಯ್ದೆಯಡಿ ಕೇಂದ್ರ ಸರ್ಕಾರ 2007ರಲ್ಲೇ ಇದಕ್ಕಾಗಿ ಪ್ರತ್ಯೇಕ ನಿಯಮ ತಂದಿದೆ. ಟ್ರೇಡ್‌ಮಾರ್ಕ್, ಕಾಪಿರೈಟ್, ಡಿಸೈನ್ ಮತ್ತು ಜಿಐ ಟ್ಯಾಗ್ ಇದರ ವ್ಯಾಪ್ತಿಗೆ ಬರುತ್ತವೆ. ಪೇಟೆಂಟ್ ಕೂಡ ಇತ್ತು, 2018ರಲ್ಲಿ ಕೈಬಿಟ್ಟರು. ಮಂಗಳೂರಿನ ಪಣಂಬೂರು ಬಂದರಿರಲಿ, ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋ ಇರಲಿ, ನಿಯಮ ಒಂದೇ.

ಆದರೆ ಬಂದ ಪೆಟ್ಟಿಗೆಯನ್ನೆಲ್ಲ ಬಿಚ್ಚಿ ಅಸಲಿಯೋ ನಕಲಿಯೋ ಅಂತ ನೋಡ್ತಾ ಕೂರೋಕೆ ಕಸ್ಟಮ್ಸ್‌ನವರಿಗೆ ಆಗಲ್ಲ. ಮೊದಲು ಬ್ರ್ಯಾಂಡ್‌ನ ಮಾಲೀಕರೇ ಕಸ್ಟಮ್ಸ್‌ನಲ್ಲಿ ತಮ್ಮ ಹಕ್ಕನ್ನು ನೋಂದಾಯಿಸಬೇಕು. ಅರ್ಜಿ ಶುಲ್ಕ 2,000 ರೂಪಾಯಿ. ಆಮೇಲೆ ಅನುಮಾನದ ಮಾಲು ಬಂದರೆ ಅಧಿಕಾರಿಗಳು ತಡೆದು, ಆಮದು ಮಾಡಿದವರಿಗೂ ಕಂಪನಿಗೂ ತಿಳಿಸ್ತಾರೆ. ಕಂಪನಿಯವರು 10 ಕೆಲಸದ ದಿನದೊಳಗೆ ಬಂದು ವಿಚಾರಣೆಗೆ ಸೇರಬೇಕು. ಇನ್ನೂ 10 ದಿನ ವಿಸ್ತರಿಸಬಹುದು. ಬೇಗ ಕೆಡುವ ಮಾಲಾದರೆ 3 ಕೆಲಸದ ದಿನ, ಅದನ್ನು ಇನ್ನೂ 4 ದಿನ ವಿಸ್ತರಿಸಬಹುದು. ಬಾಂಡ್, ಜಾಮೀನು ಕೂಡ ಕೊಡಬೇಕು. ಬರಲಿಲ್ಲ ಅಂದ್ರೆ, ಬೇರೆ ತಕರಾರು ಇಲ್ಲದಿದ್ದರೆ, ಮಾಲು ಬಿಡುಗಡೆ.

ಅಧಿಕಾರಿಗಳು ತಾವಾಗಿಯೇ ತಡೆಯೋಕೂ ಅವಕಾಶ ಇದೆ. ಆಗಲೂ ಹಕ್ಕುದಾರರು 5 ದಿನದೊಳಗೆ ನೋಟಿಸ್ ಕೊಡಲೇಬೇಕು. ನಕಲಿ ಅಂತ ಸಾಬೀತಾದರೆ ನಾಶ ಮಾಡ್ತಾರೆ, ಅಥವಾ ಮಾರುಕಟ್ಟೆಗೆ ಬಾರದ ಹಾಗೆ ವಿಲೇವಾರಿ ಮಾಡ್ತಾರೆ. ದುಬೈನಿಂದ ನಿಮ್ಮ ಅಣ್ಣ ಸ್ವಂತಕ್ಕೆ ಅಂತ ಬ್ಯಾಗಲ್ಲಿ ಒಂದು ವಾಚ್ ತಂದರೆ ಈ ನಿಯಮ ಹತ್ತಲ್ಲ, ಚಿಂತೆ ಬೇಡ.

ತೂತು ಇರೋದು ಇಲ್ಲಿ: ಹೆಸರೇ ಇಲ್ಲದ ಪ್ಲೇನ್ ಮಾಲು ಬಂದು, ಸ್ಟಿಕರ್ ನಮ್ಮ ಊರಲ್ಲೇ ಬಿದ್ದರೆ ಪೋರ್ಟ್‌ನಲ್ಲಿ ಹಿಡಿಯೋಕೆ ಏನಿರುತ್ತೆ? ಚನ್ನಪಟ್ಟಣದ ಗೊಂಬೆಗೆ ಜಿಐ ಟ್ಯಾಗ್ ಇದೆ, ನಿಜ. ಆದರೆ ಅದು ಕಾಯೋದು ಹೆಸರನ್ನ. ಅದನ್ನೇ ಹೋಲುವ ಗೊಂಬೆ ಬೇರೆ ಹೆಸರಲ್ಲಿ ಬಂದರೆ ಜಿಐ ಆಧಾರದ ಮೇಲೆ ತಡೆಯೋದು ಕಷ್ಟ.

ಹೀಗೆ ದಾಟಿ ಬಂದ ಮಾಲಿನ ಹೊಣೆ ಕೊನೆಗೆ ಬೀಳೋದು ಕೌಂಟರ್ ಹಿಂದೆ ಕೂತವರ ಮೇಲೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ನಕಲಿ ಬ್ರ್ಯಾಂಡ್‌ನ ಮಾಲು ಮಾರೋದಷ್ಟೇ ಅಲ್ಲ, ಮಾರೋಕೆ ಅಂತ ಇಟ್ಕೊಳ್ಳೋದೂ ಅಪರಾಧ. 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಈ ಕಾಯ್ದೆಯಡಿ ವಾರಂಟ್ ಇಲ್ಲದೆ ಜಪ್ತಿ ಮಾಡೋ ಅಧಿಕಾರ ಡಿವೈಎಸ್‌ಪಿ ಅಥವಾ ಅದಕ್ಕಿಂತ ಮೇಲಿನವರಿಗೆ ಮಾತ್ರ. ಅವರೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದಿರಬೇಕು. ರೇಡ್‌ಗೆ ಬಂದಾಗ ಗಾಬರಿಯಾಗದೆ ಇದನ್ನ ಕೇಳಬಹುದು.

ಅದೇ ಸೆಕ್ಷನ್‌ನಲ್ಲಿ ಅಂಗಡಿಯವರಿಗೆ ಒಂದು ದಾರಿಯೂ ಇದೆ. ತಕ್ಕ ಎಚ್ಚರಿಕೆ ವಹಿಸಿದ್ದೆ, ಅನುಮಾನ ಪಡೋ ಕಾರಣ ಇರಲಿಲ್ಲ, ಯಾರಿಂದ ತಂದೆ ಅನ್ನೋ ಪೂರ್ತಿ ಮಾಹಿತಿ ಇಗೋ ಅಂತ ತೋರಿಸಿದರೆ ಶಿಕ್ಷೆಯಿಂದ ಪಾರಾಗಬಹುದು. ಅದಕ್ಕೆ ಹೋಲ್‌ಸೇಲ್‌ನವರ ಹೆಸರು, ಜಿಎಸ್‌ಟಿ ನಂಬರ್, ಬ್ರ್ಯಾಂಡ್ ಮತ್ತು ಮಾಡೆಲ್ ಬರೆದ ಪಕ್ಕಾ ಬಿಲ್ ಬೇಕು. ಸಾವಿರ ರೂಪಾಯಿ ಮಾಲು ನೂರೈವತ್ತಕ್ಕೆ ತಂದಿದ್ದರೆ 'ಅನುಮಾನ ಬರಲಿಲ್ಲ' ಅನ್ನೋ ಮಾತು ಕೋರ್ಟಲ್ಲಿ ನಿಲ್ಲೋದು ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ಆ ಮಾಲೀಕರು ಗಲ್ಲಾ ಡ್ರಾಯರ್ ಎಳೆದು ಬಿಲ್ ಹುಡುಕಿದ್ರು. ಸಿಕ್ಕಿದ್ದೆಲ್ಲ ಅಂಗಡಿ ಹೆಸರೂ ಇಲ್ಲದ ಎಸ್ಟಿಮೇಟ್ ಚೀಟಿಗಳು.